ಆಫ್ರಿಕಾದ ವನ್ಯಜೀವಿ ಧಾಮಕ್ಕೆ ವಾಲಂಟಿಯರ್ ಆಗಿ ಹೋಗೋದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ

ಸಿಂಹದ ಮರಿಯನ್ನು ತೊಡೆ ಮೇಲೆ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸುವ ಫೋಟೊ ನೋಡಿ ಆಫ್ರಿಕಾಕ್ಕೆ ಹೋಗುವ ಮನಸ್ಸಾಗಿದೆಯಾ? ಹಾಗಿದ್ದರೆ ಆ ಫೋಟೊ ತೆಗೆದ ಜಾಗಕ್ಕೆ ಮಾತ್ರ ಹೋಗಬೇಡಿ. ಬೇರೆ ಎಲ್ಲಿಗಾದರೂ ಹೋಗಿ.

ದಕ್ಷಿಣ ಆಫ್ರಿಕಾದಲ್ಲಿ ಬೋನಿನಲ್ಲಿ ಸಿಂಹ ಸಾಕುವುದೇ ಒಂದು ದಂಧೆ. ಅಂಥ ಸಿಂಹಗಳು 8,000ದಷ್ಟಾದರೂ ಇವೆ ಎಂಬ ಅಂದಾಜಿದೆ. ಹುಟ್ಟಿದ ಕೆಲವೇ ದಿನಕ್ಕೆ ಮರಿಯನ್ನು ತಾಯಿಯಿಂದ ಬೇರೆ ಮಾಡುತ್ತಾರೆ. ಮರಿ ಇಲ್ಲದ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಎಮ್ಮೆ ಆಕಳು ಕಟ್ಟಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇತ್ತ ಆ ಮರಿಗೆ 'ಅನಾಥ' ಅಂತ ಹೆಸರು ಕಟ್ಟಿ, ಡಾಲರ್ ಕೊಟ್ಟು ಬಂದ ವಾಲಂಟಿಯರ್‌ಗಳ ಕೈಗೆ ಬಾಟಲಿ ಕೊಡುತ್ತಾರೆ. ಸ್ವಲ್ಪ ದೊಡ್ಡದಾದ ಮೇಲೆ ಪ್ರವಾಸಿಗರ ಜೊತೆ ವಾಕಿಂಗ್. ಪೂರ್ತಿ ಬೆಳೆದ ಮೇಲೆ, ಮನುಷ್ಯರನ್ನು ಕಂಡರೆ ಓಡುವುದನ್ನೇ ಕಲಿಯದ ಆ ಪ್ರಾಣಿಯನ್ನು ಬೇಲಿಯೊಳಗೆ ಬಿಟ್ಟು, ದುಡ್ಡು ಕಟ್ಟಿದ ಬೇಟೆಗಾರನ ಕೈಯಲ್ಲಿ ಹೊಡೆಸುತ್ತಾರೆ. ಮೂಳೆ ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ. 2017ರಲ್ಲಿ ಅಲ್ಲಿನ ಸರ್ಕಾರವೇ 800 ಅಸ್ಥಿಪಂಜರಗಳ ರಫ್ತಿಗೆ ಅನುಮತಿ ಕೊಟ್ಟಿತ್ತು. 2021ರಲ್ಲಿ ಈ ದಂಧೆ ನಿಲ್ಲಿಸುತ್ತೇವೆ ಎಂದು ಮಂತ್ರಿಗಳು ಘೋಷಿಸಿದರು. ಘೋಷಣೆ ಆದ ಮಾತ್ರಕ್ಕೆ ಬೀಗ ಬೀಳುವುದಿಲ್ಲ ಅಂತ ನಮಗೆ ಗೊತ್ತಿಲ್ವಾ?

ಹಾಗಾಗಿ ಜಾಗ ಆರಿಸುವಾಗ ನನ್ನ ನಿಯಮ ಒಂದೇ. ಪ್ರಾಣಿಯನ್ನು ಮುಟ್ಟಲು ಬಿಡದ ಜಾಗ ಒಳ್ಳೆಯದು, ಮುಟ್ಟಿಸಿ ದುಡ್ಡು ಕೇಳುವ ಜಾಗ ಕೆಟ್ಟದ್ದು. ಇಮೇಲ್ ಬರೆದು ನೇರವಾಗಿ ಕೇಳಿ. ನಿಮ್ಮಲ್ಲಿ ಮರಿ ಮಾಡಿಸುತ್ತೀರಾ? ಮರಿ ಇದ್ದರೆ ಅದರ ತಾಯಿ ಎಲ್ಲಿ? ಬೆಳೆದ ಪ್ರಾಣಿಗಳು ಎಲ್ಲಿಗೆ ಹೋಗುತ್ತವೆ, ಮಾರುತ್ತೀರಾ? ಕಾಡಿಗೆ ಬಿಟ್ಟಿದ್ದರೆ ಯಾವ ಕಾಡಿಗೆ? ಸರಿಯಾದ ಧಾಮದವರು ಇದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ಸುತ್ತಿ ಬಳಸಿ ಮಾತಾಡಿದರೆ ಅಲ್ಲಿಗೇ ಬಿಡಿ. ಗ್ಲೋಬಲ್ ಫೆಡರೇಶನ್ ಆಫ್ ಅನಿಮಲ್ ಸ್ಯಾಂಕ್ಚುರೀಸ್ ಎಂಬ ಸಂಸ್ಥೆ ಧಾಮಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಚಿಂಪಾಂಜಿ, ಗೊರಿಲ್ಲಾ, ಕೋತಿಗಳ ಧಾಮಗಳಿಗೆ 2000ದಲ್ಲಿ ಶುರುವಾದ ಪ್ಯಾನ್ ಆಫ್ರಿಕನ್ ಸ್ಯಾಂಕ್ಚುರಿ ಅಲಯನ್ಸ್ ಇದೆ. ಹುಡುಕಾಟ ಈ ಎರಡರ ಪಟ್ಟಿಯಿಂದ ಶುರು ಮಾಡಿ, ಇನ್‌ಸ್ಟಾಗ್ರಾಮ್‌ನಿಂದ ಅಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ನಮ್ಮ ಬೀಳಗಿ, ಮುಧೋಳದ ನಡುವಿನ ಯಡಹಳ್ಳಿ ಚಿಂಕಾರ ಧಾಮ ಅಂದರೆ ಅರಣ್ಯ ಇಲಾಖೆ ಕಾಯುವ ಕಾಡು, ಪ್ರಾಣಿಗಳು ತಮ್ಮ ಪಾಡಿಗೆ ತಾವಿರುತ್ತವೆ. ನಾನು ಇಲ್ಲಿ ಹೇಳುತ್ತಿರುವುದು ಗಾಯಗೊಂಡ, ತಾಯಿ ಸತ್ತ, ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಗಳನ್ನು ತಂದು ನೋಡಿಕೊಳ್ಳುವ ಜಾಗಗಳ ಬಗ್ಗೆ.

ಅಂಥ ಕೆಲವು ಹೇಳುತ್ತೇನೆ. ನಮೀಬಿಯಾದ ಓಚಿವರೊಂಗೊ ಹತ್ತಿರ ಚೀತಾ ಕನ್ಸರ್ವೇಶನ್ ಫಂಡ್ ಇದೆ, 1990ರಲ್ಲಿ ಲಾರಿ ಮಾರ್ಕರ್ ಕಟ್ಟಿದ್ದು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಮಧ್ಯಪ್ರದೇಶದ ಕುನೊ ಕಾಡಿಗೆ ಎಂಟು ಚೀತಾ ಬಂದವಲ್ಲ, ಆ ಕೆಲಸದಲ್ಲಿ ಕೈಜೋಡಿಸಿದವರು ಇವರೇ. ನಮ್ಮ ಕಡೆಯವರಿಗೆ ಈ ಜಾಗ ನಾನು ಮೊದಲು ಸೂಚಿಸುತ್ತೇನೆ. ಕಾರಣ, ಅಲ್ಲಿ ಚೀತಾ ಉಳಿಸುವ ಕೆಲಸದ ಅರ್ಧ ಭಾಗ ಕುರಿ ಮೇಕೆಯ ಕೆಲಸವೇ. ಮೇಕೆ ಹೊತ್ತೊಯ್ದ ಚೀತಾವನ್ನು ರೈತರು ಗುಂಡಿಟ್ಟು ಕೊಲ್ಲುತ್ತಿದ್ದರು. ಅದಕ್ಕೆ 1994ರಿಂದ ಇವರು ಟರ್ಕಿ ಮೂಲದ ದೊಡ್ಡ ಕಾವಲು ನಾಯಿಗಳನ್ನು ಸಾಕಿ, ಮರಿಯಿದ್ದಾಗಲೇ ಹಿಂಡಿನ ಜೊತೆ ಬೆಳೆಸಿ ರೈತರಿಗೆ ಕೊಡುತ್ತಾರೆ. ನಾಯಿ ನಿಂತು ಬೊಗಳಿದರೆ ಚೀತಾ ಜಗಳಕ್ಕೆ ಬರುವುದಿಲ್ಲ, ದೂರ ಹೋಗುತ್ತದೆ. ರೈತನಿಗೆ ಬಂದೂಕು ಎತ್ತುವ ಕಾರಣವೇ ಉಳಿಯುವುದಿಲ್ಲ. ತೋಳದ ಕಾಟ ಕಂಡ, ಹಿಂಡಿನ ಜೊತೆ ನಾಯಿ ಕಟ್ಟಿಕೊಂಡು ಹೊಲದಲ್ಲಿ ರಾತ್ರಿ ಕಳೆದ ಕುರುಬರ ಮನೆ ಹುಡುಗನಿಗೆ ಇಲ್ಲಿ ಪಾಠ ಹೇಳಬೇಕಾದ್ದು ಕಡಿಮೆ.

ಕೇಪ್ ಟೌನಿನ ಸ್ಯಾಂಕಾಬ್ ಕಡಲ ಹಕ್ಕಿಗಳ ಆಸ್ಪತ್ರೆ, 1968ರಿಂದ ಇದೆ. 2000ದಲ್ಲಿ ಟ್ರೆಷರ್ ಎಂಬ ಹಡಗು ಮುಳುಗಿ ಎಣ್ಣೆ ಚೆಲ್ಲಿದಾಗ ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿಕೊಂಡಿತ್ತು, ಅವನ್ನು ತೊಳೆಯಲು ಸಾವಿರಾರು ವಾಲಂಟಿಯರ್‌ಗಳು ಬಂದರು. ಆಫ್ರಿಕನ್ ಪೆಂಗ್ವಿನ್ ಅನ್ನು 2024ರಲ್ಲಿ ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿದ್ದಾರೆ, ಹಾಗಾಗಿ ಅಲ್ಲಿ ಕೆಲಸಕ್ಕೆ ಬರವಿಲ್ಲ. ಆದರೆ ಸಸ್ಯಾಹಾರಿಗಳು ಯೋಚಿಸಿ ಹೋಗಿ, ದಿನವಿಡೀ ಮೀನಿನ ವಾಸನೆ. ಪೆಂಗ್ವಿನ್ ಕಚ್ಚುತ್ತದೆ ಕೂಡ, ಚೆನ್ನಾಗಿಯೇ ಕಚ್ಚುತ್ತದೆ. ಇನ್ನು ನೈರೋಬಿಯ ಶೆಲ್ಡ್ರಿಕ್ ಟ್ರಸ್ಟಿನ ಆನೆಮರಿಗಳನ್ನು ಎಲ್ಲರೂ ವಿಡಿಯೊದಲ್ಲಿ ನೋಡಿರುತ್ತೀರಿ. ಅವರು ವಾಲಂಟಿಯರ್‌ಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಮೊದಲೇ ಬುಕ್ ಮಾಡಿ ಸ್ವಲ್ಪ ಹೊತ್ತು ನೋಡಿ ಬರಬಹುದು, ಅಷ್ಟೇ. ಅವರ ಹೆಸರಿನಲ್ಲಿ ಯಾರಾದರೂ ನಿಮಗೆ ಪ್ಯಾಕೇಜ್ ಮಾರಲು ಬಂದರೆ ಫೋನ್ ಇಡಿ.

ಅರ್ಜಿಯಲ್ಲಿ 'ನನಗೆ ಪ್ರಾಣಿ ಅಂದರೆ ಪ್ರಾಣ' ಅಂತ ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಬೋರ್‌ವೆಲ್ ಮೋಟಾರ್ ಬಿಚ್ಚಿ ಜೋಡಿಸುತ್ತೇನೆ, ವೆಲ್ಡಿಂಗ್ ಗೊತ್ತು, ಹೊಲಕ್ಕೆ ಸೋಲಾರ್ ಬೇಲಿ ಹಾಕಿದ್ದೇನೆ, ಕುರಿಗೆ ಔಷಧ ಕುಡಿಸಲು ಬರುತ್ತದೆ ಎಂದು ಬರೆಯಿರಿ. ಊರಲ್ಲಿ ಯಾರೂ ಇದನ್ನು ವಿದ್ಯೆ ಅಂತ ಎಣಿಸುವುದಿಲ್ಲ, ಅಲ್ಲಿ ಇದಕ್ಕೇ ಬೆಲೆ. ಕರೆಂಟ್ ಬೇಲಿಗೆ ಹುಲ್ಲು ತಾಗಿದರೆ ಕರೆಂಟ್ ನೆಲಕ್ಕಿಳಿದು ಬೇಲಿ ಸುಮ್ನೆ ತಂತಿಯಾಗುತ್ತದೆ ಎಂದು ತಿಳಿದ ಒಬ್ಬ, ಸೆಲ್ಫಿಗೆ ಬಂದ ಹತ್ತು ಜನಕ್ಕಿಂತ ಮೇಲು. ಬಳ್ಳಾರಿ ಜಾಲಿ ಕಡಿದು ಕೈಗೆ ಮುಳ್ಳು ಚುಚ್ಚಿಸಿಕೊಂಡವರಿಗೆ ಇನ್ನೊಂದು ಸುದ್ದಿ: ಅದೇ ಜಾಲಿ ಕೀನ್ಯಾದಲ್ಲೂ ಹಬ್ಬಿದೆ, ಅಲ್ಲಿ ಅದಕ್ಕೆ ಮಥೆಂಗೆ ಅಂತಾರೆ.

ದುಡ್ಡಿನ ವಿಷಯ. ಸಂಬಳದ ಮಾತು ಹಾಗಿರಲಿ, ಊಟ, ವಸತಿಗೂ ನೀವೇ ಕಟ್ಟಬೇಕು. ಇದು ಮೋಸವಲ್ಲ, ಧಾಮ ನಡೆಯುವುದೇ ಇದರಿಂದ. ಆದರೆ ನಡುವೆ ಏಜೆಂಟ್ ಇದ್ದರೆ ಧಾಮಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಿ. ಧಾಮಕ್ಕೆ ನೇರವಾಗಿ ಅರ್ಜಿ ಹಾಕುವುದೇ ಒಳ್ಳೆಯದು. ಇನ್ಶೂರೆನ್ಸ್ ಮಾಡಿಸುವಾಗ ಪ್ರಾಣಿಗಳ ನಡುವೆ ಕೆಲಸ ಮಾಡುವುದಕ್ಕೂ ಅದು ಅನ್ವಯಿಸುತ್ತದಾ ಎಂದು ಓದಿ ನೋಡಿ. ಪಾಸ್‌ಪೋರ್ಟ್ ಕೆಲಸ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಆಗುತ್ತದೆ. ವೀಸಾ ಮಾತ್ರ ಹುಷಾರು. ಸಂಬಳವಿಲ್ಲದ ಕೆಲಸವೂ ಹಲವು ದೇಶಗಳಲ್ಲಿ ಕೆಲಸವೇ, ಟೂರಿಸ್ಟ್ ವೀಸಾದಲ್ಲಿ ಮಾಡುವಂತಿಲ್ಲ. ನಿಮ್ಮ ಕೆಲಸಕ್ಕೆ ಯಾವ ವೀಸಾ ಬೇಕು ಎಂದು ಧಾಮದವರಿಂದ ಬರೆಸಿಕೊಳ್ಳಿ. 'ಟೂರಿಸ್ಟ್ ಅಂತ ಹೇಳಿ ಬನ್ನಿ, ಯಾರೂ ಕೇಳಲ್ಲ' ಎನ್ನುವವರ ಹತ್ತಿರ ಹೋಗಲೇಬೇಡಿ.

ಸೂಜಿ. ಕೀನ್ಯಾ, ಉಗಾಂಡಾದಂಥ ದೇಶಗಳಿಗೆ ಯೆಲ್ಲೋ ಫೀವರ್ ಲಸಿಕೆ ಬೇಕು. ಇದನ್ನು ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಗೋವಾದ ಮುರಗಾಂವ್ ಬಂದರಿನ ಪೋರ್ಟ್ ಹೆಲ್ತ್ ಕಚೇರಿ ಹತ್ತಿರ, ಫೋನ್ ಮಾಡಿ ದಿನ ಕೇಳಿಕೊಂಡು ಹೋಗಿ. ಲಸಿಕೆ ಹಾಕಿದ್ದಕ್ಕೆ ಒಂದು ಕಾರ್ಡ್ ಕೊಡುತ್ತಾರೆ, 10 ದಿನದ ನಂತರವೇ ಅದಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಆ ದೇಶಗಳಿಂದ ಕಾರ್ಡಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದವರೇ ಆರು ದಿನದವರೆಗೆ ಪ್ರತ್ಯೇಕವಾಗಿ ಕೂಡಿಹಾಕಬಹುದು. ದಕ್ಷಿಣ ಆಫ್ರಿಕಾಕ್ಕೆ ಹೋಗುವವರು ನನಗೆ ಬೇಡ ಅಂದುಕೊಳ್ಳುತ್ತಾರೆ. ಆದರೆ ದಾರಿಯಲ್ಲಿ ಆಡಿಸ್ ಅಬಾಬಾದಂಥ ಕಡೆ 12 ಗಂಟೆಗಿಂತ ಜಾಸ್ತಿ ಕಾದರೆ ದಕ್ಷಿಣ ಆಫ್ರಿಕಾದಲ್ಲೂ ಕಾರ್ಡ್ ಕೇಳುತ್ತಾರೆ. ಇದರ ಜೊತೆ ರೇಬಿಸ್, ಟೆಟನಸ್, ಹೆಪಟೈಟಿಸ್ ಲಸಿಕೆಗಳ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಚಿಂಪಾಂಜಿ ಧಾಮದವರು ಟಿಬಿ ಪರೀಕ್ಷೆಯ ವರದಿ ಕೇಳಿದರೆ ಬೇಸರ ಬೇಡ, ನಮ್ಮ ನೆಗಡಿಯೇ ಅವಕ್ಕೆ ಸಾವು ತರಬಹುದು. ಹಿಂಡಿನ ನಡುವೆ ರೋಗ ಹೊಕ್ಕರೆ ಏನಾಗುತ್ತದೆ ಎಂದು 2025ರ ನವೆಂಬರಿನಲ್ಲಿ ನಮ್ಮ ಭೂತರಾಮನಹಟ್ಟಿ ಮೃಗಾಲಯದಲ್ಲೇ ಕಂಡೆವು, ಕೆಲವೇ ದಿನಗಳಲ್ಲಿ ಮೂವತ್ತರಷ್ಟು ಕೃಷ್ಣಮೃಗಗಳು ಸತ್ತವು. ಬೂಟು ಔಷಧದ ನೀರಿನಲ್ಲಿ ಅದ್ದಿ ಒಳಗೆ ಬನ್ನಿ ಅಂದರೆ ಅದ್ದಿ.

ಬ್ಯಾಗಿನಲ್ಲಿ ಸ್ವೆಟರ್ ಇರಲಿ. ವಿಜಯಪುರದ ಬಿಸಿಲು ಕಂಡವನಿಗೆ ಆಫ್ರಿಕಾ ಯಾವ ಲೆಕ್ಕ ಅಂತ ಹೊರಟವರು ಜುಲೈ ರಾತ್ರಿ ನಮೀಬಿಯಾದಲ್ಲಿ ಗಡಗಡ ನಡುಗುತ್ತಾರೆ, ಅಲ್ಲಿ ಆಗ ಚಳಿಗಾಲ. ಮಿಲಿಟರಿ ಬಣ್ಣದ ಬಟ್ಟೆ ಬೇಡ, ಜಾಂಬಿಯಾ, ಜಿಂಬಾಬ್ವೆಯಲ್ಲಿ ಸಾಮಾನ್ಯರು ಅದನ್ನು ಹಾಕುವಂತಿಲ್ಲ. ಕಚ್ಚಿ ರೋಗ ಹರಡುವ ಸೆತ್ಸೆ ನೊಣ ಇರುವ ಕಡೆ ಕಡುನೀಲಿ, ಕಪ್ಪು ಬಟ್ಟೆಯೂ ಬೇಡ, ಆ ಬಣ್ಣಕ್ಕೇ ಅದು ಬರುತ್ತದೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಒಯ್ಯುವವರು ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಕಟ್ಟಬೇಡಿ, ಕೀನ್ಯಾ 2017ರಲ್ಲೇ ಅದನ್ನು ನಿಷೇಧಿಸಿದೆ. ತಿನ್ನುವ ಪದಾರ್ಥ ಇದೆ ಎಂದು ಕಸ್ಟಮ್ಸ್‌ನವರಿಗೆ ಹೇಳಿಬಿಡಿ. ಅಲ್ಲಿನ ದಿನದ ಊಟ ಹಲವು ಕಡೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಕೀನ್ಯಾದಲ್ಲಿ ಉಗಾಲಿ, ಜಾಂಬಿಯಾದಲ್ಲಿ ಎನ್‌ಶಿಮಾ ಅನ್ನುತ್ತಾರೆ. ಸಂಗಟಿ ತಿಂದು ಬೆಳೆದವರಿಗೆ ಚಿಂತೆಯಿಲ್ಲ.

ಹೋದ ಮೇಲೆ ದಿನ ಹೇಗಿರುತ್ತದೆ? ಬೆಳಕು ಹರಿಯುವ ಹೊತ್ತಿಗೆ ಎದ್ದು ಸೆಗಣಿ, ಲದ್ದಿ ಬಾಚುವುದು, ಬಕೆಟ್‌ಗಟ್ಟಲೆ ಹಣ್ಣು ತರಕಾರಿ ಹೆಚ್ಚುವುದು, ನೀರಿನ ತೊಟ್ಟಿ ಉಜ್ಜುವುದು, ಬೇಲಿ ಸುತ್ತುವುದು. ಕೆಲವು ದಿನ ಪ್ರಾಣಿಯ ಮುಖವೇ ಕಾಣುವುದಿಲ್ಲ. ಘೇಂಡಾಮೃಗ ಇರುವ ಧಾಮವಾದರೆ ಫೋನಿನ ಲೊಕೇಶನ್ ಆಫ್ ಮಾಡಿಯೇ ಫೋಟೊ ತೆಗೆಯಿರಿ. ಕೊಂಬಿನ ಕಳ್ಳರಿಗೆ ನಿಮ್ಮ ಪೋಸ್ಟೇ ದಾರಿ ತೋರಿಸಬಹುದು.

ಮಲೇರಿಯಾ ಎಲ್ಲ ಕಡೆ ಇಲ್ಲ. ಕೇಪ್ ಟೌನಿನಲ್ಲಿಲ್ಲ, ಉಗಾಂಡಾ, ಜಾಂಬಿಯಾದಲ್ಲಿ ಖಂಡಿತ ಇದೆ. ಮಾತ್ರೆ ಕೊಟ್ಟಿದ್ದರೆ ಊರಿಗೆ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಿ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಬಂದ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು 'ನಾನು ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ' ಎಂಬುದು. ಹೇಳದಿದ್ದರೆ ಮಳೆಗಾಲದಲ್ಲಿ ಡೆಂಗಿ ಅಂದುಕೊಂಡು ಎರಡು ದಿನ ಹೋಗುತ್ತದೆ, ಅಲ್ಲಿನ ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯಾ ಅಷ್ಟು ಕಾಯುವ ಕಾಯಿಲೆಯಲ್ಲ. ರಕ್ತ ಪರೀಕ್ಷೆ ಅದೇ ದಿನ ಮಾಡಿಸಿಕೊಳ್ಳಿ.