ಅನಲಿಟಿಕ್ಸ್‌ನಲ್ಲಿ ಬಾಟ್‌ಗಳನ್ನು ಬೇರೆ ಮಾಡುವುದು ಹೇಗೆ?

2025ರ ಕೊನೆಯ ತಿಂಗಳುಗಳಲ್ಲಿ ಬೇರೆ ಬೇರೆ ದೇಶಗಳ ಸಣ್ಣಪುಟ್ಟ ವೆಬ್‌ಸೈಟ್ ನಡೆಸುವವರು ಒಂದೇ ದೂರು ಹೇಳತೊಡಗಿದರು. ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ತೆರೆದರೆ ಚೀನಾದ ಲಾಂಝೌ ಮತ್ತು ಸಿಂಗಪುರದಿಂದ ರಾಶಿ ರಾಶಿ ಜನ ಬಂದಂತೆ ಕಾಣುತ್ತಿತ್ತು. ಬಂದವರು ಒಂದು ಪುಟ ತೆರೆಯುತ್ತಿದ್ದರು, ಒಂದು ಸೆಕೆಂಡೂ ನಿಲ್ಲದೆ ಹೋಗುತ್ತಿದ್ದರು. ರಾಗಿ ಬೆಳೆ ಬಗ್ಗೆ ಕನ್ನಡದಲ್ಲಿ ಬರೆಯುವ ಸೈಟ್‌ಗೆ ಲಾಂಝೌನಿಂದ ಅಷ್ಟೊಂದು ಓದುಗರು ಬರಲು ಸಾಧ್ಯವೇ ಇಲ್ಲ, ಅಲ್ವಾ? ಇದು ಬಾಟ್‌ಗಳ, ಅಂದರೆ ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳ ಕೆಲಸ.

ಇದು ಅಪರೂಪದ ಸಂಗತಿಯೇನಲ್ಲ. 2024ರಲ್ಲಿ ವೆಬ್‌ನ ಒಟ್ಟು ಓಡಾಟದಲ್ಲಿ ಶೇ 51ರಷ್ಟು ಯಂತ್ರಗಳದ್ದೇ ಎಂದು ಸೈಬರ್ ಭದ್ರತೆಯ ಇಂಪರ್ವಾ ಕಂಪನಿಯ ವರದಿ ಹೇಳಿತ್ತು. ತೊಂದರೆ ಆಗುವುದು ಆ ಲೆಕ್ಕ ನಂಬಿ ನಾವು ತೀರ್ಮಾನ ಮಾಡಿದಾಗ. ಯಾವ ವಿಷಯದ ಮೇಲೆ ಜಾಸ್ತಿ ಬರೆಯಬೇಕು, ಜಾಹೀರಾತು ಕೊಡುವವರಿಗೆ ಯಾವ ಅಂಕಿ ತೋರಿಸಬೇಕು, ಎಲ್ಲವೂ ತಪ್ಪುತ್ತದೆ.

ಇಲ್ಲಿ ಹೇಳುವ ಹೆಜ್ಜೆಗಳಿಗೆ ಒಂದು ಕ್ರಮವಿದೆ: ಮೊದಲು ಗುರುತಿಸುವುದು, ಆಮೇಲೆ ಲೆಕ್ಕದಿಂದ ಬೇರೆ ಮಾಡುವುದು, ತಡೆಯುವುದು ಕೊನೆಗೆ. ಹಲವರು ನೇರವಾಗಿ ತಡೆಯಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬಾಟ್ ಲೆಕ್ಕಕ್ಕೆ ಸೇರಿದರೆ ವರದಿ ಸ್ವಲ್ಪ ಕೆಡುತ್ತದೆ ಅಷ್ಟೆ. ನಿಜವಾದ ಓದುಗರನ್ನು ಬಾಗಿಲಲ್ಲೇ ತಡೆದರೆ ಅವರು ಮತ್ತೆ ಬರುವುದಿಲ್ಲ. ಕಲ್ಲು ಆರಿಸಲು ಹೋಗಿ ಅಕ್ಕಿ ಚೆಲ್ಲಬಾರದು.

1. ಮೊದಲು ಒಂದು ಸೆಟ್ಟಿಂಗ್ ಬದಲಿಸಿ

ಜಿಎ4ನಲ್ಲಿ (ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿ) ವಿವರವಾದ ಡೇಟಾ ಮೊದಲಿಗೆ 2 ತಿಂಗಳು ಮಾತ್ರ ಉಳಿಯುವಂತೆ ಇರುತ್ತದೆ. ಅಡ್ಮಿನ್ ಒಳಗೆ ಡೇಟಾ ರಿಟೆನ್ಷನ್‌ಗೆ ಹೋಗಿ ಅದನ್ನು 14 ತಿಂಗಳಿಗೆ ಏರಿಸಿ. ಇಲ್ಲದಿದ್ದರೆ ಬಾಟ್ ಬರುವ ಮೊದಲು ಹೇಗಿತ್ತು ಎಂದು ಹೋಲಿಸಿ ನೋಡಲು ಹಳೆಯ ವಿವರವೇ ಇರುವುದಿಲ್ಲ.

2. ಅನುಮಾನದ ಗುಂಪನ್ನು ಗುರುತಿಸಿ

ಜಿಎ4ನ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಒಂದು ಫ್ರೀ ಫಾರ್ಮ್ ವರದಿ ತೆರೆಯಿರಿ. ಸಾಲುಗಳಲ್ಲಿ ದೇಶ, ನಗರ, ಸೆಷನ್ ಸೋರ್ಸ್ (ಸೆಷನ್ ಅಂದರೆ ಒಂದು ಭೇಟಿ, ಸೋರ್ಸ್ ಅಂದರೆ ಅದು ಬಂದ ದಾರಿ), ಆಪರೇಟಿಂಗ್ ಸಿಸ್ಟಂ, ಸ್ಕ್ರೀನ್ ರೆಸಲ್ಯೂಷನ್ ಹಾಕಿ. ಅಂಕಿಗಳಲ್ಲಿ ಸೆಷನ್, ಎಂಗೇಜ್‌ಮೆಂಟ್ ರೇಟ್, ಒಂದು ಸೆಷನ್‌ಗೆ ಸರಾಸರಿ ಎಂಗೇಜ್‌ಮೆಂಟ್ ಸಮಯ ಇಷ್ಟು ಸಾಕು.

ಎಂಗೇಜ್‌ಮೆಂಟ್ ಅಂದರೆ ಏನು ಎಂಬುದು ಇಲ್ಲಿ ಮುಖ್ಯ. ಯಾರಾದರೂ ಸೈಟ್‌ನಲ್ಲಿ 10 ಸೆಕೆಂಡ್‌ಗಿಂತ ಹೆಚ್ಚು ಇದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನೀವು ಮುಖ್ಯ ಎಂದು ಗುರುತಿಸಿದ ಕೆಲಸ ಮಾಡಿದರೆ ಅದು ಎಂಗೇಜ್ಡ್ ಸೆಷನ್. ನಿಜವಾದ ಓದುಗರಲ್ಲೂ ಕೆಲವರು ಬಂದ ತಕ್ಷಣ ಹೋಗುತ್ತಾರೆ. ಆದರೆ ಒಂದೇ ನಗರದಿಂದ ನೂರಾರು ಜನ ಬಂದು ಒಬ್ಬರೂ ನಿಲ್ಲಲಿಲ್ಲ ಅಂದರೆ ಅದು ಮನುಷ್ಯರ ನಡವಳಿಕೆಯಲ್ಲ.

ಬಾಟ್ ಗುಂಪಿನ ಸಾಲು ಹೀಗೆ ಕಾಣುತ್ತದೆ: ಸೋರ್ಸ್ ಡೈರೆಕ್ಟ್ (ಎಲ್ಲಿಂದ ಬಂದರೆಂದು ಗೊತ್ತಿಲ್ಲ), ಎಲ್ಲರದ್ದೂ ಡೆಸ್ಕ್‌ಟಾಪ್, ಎಲ್ಲರದ್ದೂ ಒಂದೇ ಅಳತೆಯ ಸ್ಕ್ರೀನ್, ಎಂಗೇಜ್‌ಮೆಂಟ್ ಸಮಯ ಸೊನ್ನೆ. ನಮ್ಮ ಓದುಗರ ಸಾಲು ಬೇರೆಯೇ ಥರ. ಅಲ್ಲಿ ಬಹುಪಾಲು ಆಂಡ್ರಾಯ್ಡ್ ಫೋನ್‌ಗಳು, ಹತ್ತಾರು ಅಳತೆಯ ಸ್ಕ್ರೀನ್‌ಗಳು, ಕೆಲವರು ಗೂಗಲ್ ಹುಡುಕಾಟದಿಂದ, ಕೆಲವರು ಫೇಸ್‌ಬುಕ್‌ನಿಂದ.

ಡೈರೆಕ್ಟ್ ಎಂದು ಕಂಡ ಮಾತ್ರಕ್ಕೆ ಬಾಟ್ ಎಂದು ತೀರ್ಮಾನಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಲಿಂಕ್ ಒತ್ತಿ ಬಂದವರೂ ಸಾಮಾನ್ಯವಾಗಿ ಡೈರೆಕ್ಟ್ ಲೆಕ್ಕಕ್ಕೇ ಸೇರುತ್ತಾರೆ. ಕನ್ನಡ ಸೈಟ್‌ಗಳಿಗೆ ಇದು ದೊಡ್ಡ ದಾರಿ. ಆದರೆ ಅಮೆರಿಕದ ಆ್ಯಶ್‌ಬರ್ನ್, ಬೋರ್ಡ್‌ಮನ್, ಕೌನ್ಸಿಲ್ ಬ್ಲಫ್ಸ್ ಎಂಬ ಹೆಸರುಗಳು ಪದೇ ಪದೇ ಕಂಡರೆ ಎಚ್ಚರವಾಗಿರಿ. ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿರುವ ಊರುಗಳಿವು. ಮುಂಬೈಯಲ್ಲೂ ಡೇಟಾ ಸೆಂಟರ್‌ಗಳಿವೆ, ಆದರೆ ಅಲ್ಲಿ ಕನ್ನಡಿಗರೂ ತುಂಬಾ ಇದ್ದಾರೆ. ಹಾಗಾಗಿ ಯಾವುದೋ ಒಂದು ಲಕ್ಷಣ ಸಾಲದು. ಮೂರ್ನಾಲ್ಕು ಲಕ್ಷಣ ಒಟ್ಟಿಗೆ ಸೇರಬೇಕು.

ಗೂಗಲ್‌ಬಾಟ್‌ನಂತೆ ತನ್ನ ಹೆಸರು ಹೇಳಿಕೊಂಡು ಬರುವ ಬಾಟ್‌ಗಳನ್ನು ಜಿಎ4 ತಾನಾಗಿಯೇ ಲೆಕ್ಕದಿಂದ ಬಿಡುತ್ತದೆ. ನಮ್ಮನ್ನು ಕಾಡುವುದು ಕ್ರೋಮ್ ಬ್ರೌಸರ್‌ನ ವೇಷದಲ್ಲಿ ಬರುವವು.

3. ಅವು ನಿಜವಾಗಿ ಸೈಟ್‌ಗೆ ಬಂದಿದ್ದವೇ?

ಈ ಪ್ರಶ್ನೆ ಕೇಳದೆ ಮುಂದೆ ಹೋದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕೆಲವು ಬಾಟ್‌ಗಳು ನಿಮ್ಮ ಸೈಟ್ ಮುಟ್ಟುವುದೇ ಇಲ್ಲ. ನಿಮ್ಮ ಅನಲಿಟಿಕ್ಸ್ ಐಡಿ ಪುಟದ ಕೋಡ್‌ನಲ್ಲಿ ಎಲ್ಲರಿಗೂ ಕಾಣುವಂತೆಯೇ ಇರುತ್ತದೆ. ಅದನ್ನು ಹಿಡಿದು ನೇರವಾಗಿ ಗೂಗಲ್‌ನ ಸರ್ವರ್‌ಗೆ ಸುಳ್ಳು ಭೇಟಿ ಕಳಿಸುತ್ತವೆ. ಇಂಥವನ್ನು ನಿಮ್ಮ ಸರ್ವರ್‌ನಲ್ಲಿ ಎಷ್ಟು ತಡೆದರೂ ಪ್ರಯೋಜನವಿಲ್ಲ.

ಪರೀಕ್ಷೆ ಹೀಗೆ. ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನಲ್‌ನಲ್ಲಿ ರಾ ಆಕ್ಸೆಸ್ ಎಂಬ ಕಡೆ ಸರ್ವರ್ ಲಾಗ್, ಅಂದರೆ ಸರ್ವರ್‌ಗೆ ಬಂದ ಭೇಟಿಗಳ ದಾಖಲೆ, ಸಿಗುತ್ತದೆ. ಅನಲಿಟಿಕ್ಸ್‌ನಲ್ಲಿ ಬಾಟ್ ಜಾಸ್ತಿ ಕಂಡ ದಿನ, ಗಂಟೆ, ಪುಟ ಬರೆದಿಟ್ಟುಕೊಳ್ಳಿ. ಲಾಗ್‌ನಲ್ಲಿ ಅದೇ ಗಂಟೆಗೆ ಅದೇ ಪುಟಕ್ಕೆ ಅಷ್ಟೇ ಭೇಟಿ ಇದ್ದರೆ ಬಾಟ್ ಸೈಟ್‌ಗೆ ಬಂದಿದೆ. ಇಲ್ಲದಿದ್ದರೆ ಅದು ಬರೀ ಸುಳ್ಳು ಲೆಕ್ಕ. ಊರಿನ ಹೆಸರು ನೋಡಿ ಹೋಲಿಸಬೇಡಿ. ಐಪಿ (ಇಂಟರ್ನೆಟ್‌ನಲ್ಲಿ ಒಂದು ಕಂಪ್ಯೂಟರ್‌ನ ವಿಳಾಸ ಸಂಖ್ಯೆ) ನೋಡಿ ಊರು ಹೇಳುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಕಡೆ ಚೀನಾ ಎಂದು ಕಂಡದ್ದು ಇನ್ನೊಂದು ಕಡೆ ಸಿಂಗಪುರ ಎಂದು ಕಾಣಬಹುದು.

ಸೈಟ್ ಕ್ಲೌಡ್‌ಫ್ಲೇರ್ (ಸೈಟ್‌ಗೂ ಓದುಗರಿಗೂ ನಡುವೆ ನಿಂತು ಕಾವಲು ಕಾಯುವ ಸೇವೆ) ಹಿಂದೆ ಇದ್ದರೆ ಲಾಗ್‌ನಲ್ಲಿ ಅದರದೇ ಐಪಿಗಳು ಕಾಣಬಹುದು. ಭೇಟಿ ಕೊಟ್ಟವರ ಐಪಿ ದಾಖಲಾಗುವಂತೆ ಮಾಡಿಕೊಡಿ ಎಂದು ಹೋಸ್ಟಿಂಗ್‌ನವರನ್ನು ಕೇಳಿ.

ಎಕ್ಸ್‌ಪ್ಲೋರ್‌ನಲ್ಲಿ ಹೋಸ್ಟ್‌ನೇಮ್ (ಪುಟ ತೆರೆದ ಸೈಟ್‌ನ ಹೆಸರು) ಸಾಲನ್ನೂ ಒಮ್ಮೆ ಹಾಕಿ ನೋಡಿ. ನಿಮ್ಮ ಸೈಟ್ ಅಲ್ಲದ ಹೆಸರು ಕಂಡರೆ, ಯಾರೋ ನಿಮ್ಮ ಪುಟವನ್ನು ಕೋಡ್ ಸಮೇತ ನಕಲು ಮಾಡಿರಬಹುದು.

4. ವರದಿಯಲ್ಲಿ ಬೇರೆ ಮಾಡಿ

ಎಕ್ಸ್‌ಪ್ಲೋರ್‌ನಲ್ಲಿ ಸೆಷನ್ ಸೆಗ್ಮೆಂಟ್ (ಲಕ್ಷಣ ನೋಡಿ ಭೇಟಿಗಳನ್ನು ಬೇರೆ ಮಾಡುವ ಗುಂಪು) ಮಾಡಿ, ಹಿಂದೆ ಗುರುತಿಸಿದ ಲಕ್ಷಣಗಳನ್ನೆಲ್ಲ ಒಟ್ಟಿಗೆ ಸೇರಿಸಿ ಹೊರಗಿಡಿ. ಸಿಂಗಪುರ ಮಾತ್ರ ಎಂದು ಹಾಕಬೇಡಿ. ಸಿಂಗಪುರ, ಡೈರೆಕ್ಟ್, ಡೆಸ್ಕ್‌ಟಾಪ್, ಆ ಒಂದು ಅಳತೆಯ ಸ್ಕ್ರೀನ್, ಇವೆಲ್ಲ ಸೇರಿದ್ದು ಮಾತ್ರ ಹೊರಗೆ ಹೋಗಲಿ. ಸೆಗ್ಮೆಂಟ್‌ನ ದೊಡ್ಡ ಅನುಕೂಲವೆಂದರೆ ಹಳೆಯ ದಿನಗಳಿಗೂ ಕೆಲಸ ಮಾಡುತ್ತದೆ, ಮೂಲ ಡೇಟಾ ಅಳಿಯುವುದಿಲ್ಲ. ತಪ್ಪಾದರೆ ತಿದ್ದಬಹುದು.

ಅಡ್ಮಿನ್‌ನಲ್ಲಿರುವ ಡೇಟಾ ಫಿಲ್ಟರ್ ಹಾಗಲ್ಲ. ಅದು ಹಾಕಿದ ದಿನದಿಂದ ಮುಂದಕ್ಕೆ ಮಾತ್ರ ಅನ್ವಯ, ಅದು ಬಿಟ್ಟ ಡೇಟಾ ಮತ್ತೆ ಸಿಗುವುದಿಲ್ಲ. ಅದನ್ನು ಬಳಸುವುದಾದರೆ ಮೊದಲು ಟೆಸ್ಟಿಂಗ್‌ನಲ್ಲಿ ಇಟ್ಟು ಕೆಲವು ದಿನ ನೋಡಿ.

ಅನ್‌ವಾಂಟೆಡ್ ರೆಫರಲ್ಸ್ ಎಂಬ ಪಟ್ಟಿಯಲ್ಲಿ, ಸುಳ್ಳು ಭೇಟಿಗಳ ಸೋರ್ಸ್ ಆಗಿ ಕಾಣುವ ಸ್ಪ್ಯಾಮ್ ಸೈಟ್‌ನ ಹೆಸರು ಹಾಕಿದರೆ ಸಾಕು ಎಂದು ಎಷ್ಟೋ ಕಡೆ ಸಲಹೆ ಕೊಡುತ್ತಾರೆ. ಅದು ತಪ್ಪು. ಅದರಿಂದ ಭೇಟಿ ಲೆಕ್ಕದಿಂದ ಹೋಗುವುದಿಲ್ಲ, ಸೋರ್ಸ್ ಮಾತ್ರ ಬದಲಾಗಿ ಡೈರೆಕ್ಟ್ ಎಂದು ಸೇರಿಕೊಳ್ಳುತ್ತದೆ. ಆಮೇಲೆ ಹುಡುಕುವುದು ಇನ್ನೂ ಕಷ್ಟ.

ಬಾಟ್ ಶುರುವಾದ ದಿನಕ್ಕೆ ಗ್ರಾಫ್ ಮೇಲೆ ಒಂದು ಟಿಪ್ಪಣಿ ಹಾಕಿಡಿ. 2025ರಿಂದ ಜಿಎ4ನಲ್ಲಿ ಈ ಸೌಲಭ್ಯ ಇದೆ. ಮುಂದಿನ ವರ್ಷ ವರದಿ ನೋಡುವವರಿಗೆ ಆ ಏರಿಕೆ ಯಾಕೆ ಎಂದು ತಿಳಿಯುತ್ತದೆ.

5. ಆಮೇಲೆ ತಡೆಯಿರಿ

ಲಾಗ್‌ನಲ್ಲೂ ಬಾಟ್ ಕಂಡಿದ್ದರೆ ಮಾತ್ರ ಈ ಹೆಜ್ಜೆ. ಎಲ್ಲಿಗೆ ಬರಬಾರದು ಎಂದು ಬಾಟ್‌ಗಳಿಗೆ ಹೇಳುವ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಫೈಲ್‌ನಿಂದ ಇಲ್ಲಿ ಉಪಯೋಗವಿಲ್ಲ. ಮಾತು ಕೇಳುವ ಬಾಟ್‌ಗಳು ಮಾತ್ರ ಅದನ್ನು ಪಾಲಿಸುತ್ತವೆ.

ಲಾಗ್‌ನಲ್ಲಿರುವ ಐಪಿಗಳನ್ನು ಹೂಈಸ್ ಸೈಟ್‌ನಲ್ಲಿ ಹುಡುಕಿದರೆ ಅವು ಯಾವ ನೆಟ್‌ವರ್ಕ್‌ಗೆ ಸೇರಿದವು ಎಂದು ತಿಳಿಯುತ್ತದೆ. ಆ ನೆಟ್‌ವರ್ಕ್‌ಗೆ ಎಎಸ್‌ಎನ್ ಎಂಬ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿನವು ಯಾವುದೋ ಕ್ಲೌಡ್ ಕಂಪನಿ ಬಾಡಿಗೆಗೆ ಕೊಟ್ಟ ಸರ್ವರ್‌ಗಳಾಗಿರುತ್ತವೆ. ಮನೆಯಲ್ಲಿ ಕೂತು ಓದುವವರು ಸಾಮಾನ್ಯವಾಗಿ ಅಂಥ ನೆಟ್‌ವರ್ಕ್‌ನಿಂದ ಬರುವುದಿಲ್ಲ. ಕ್ಲೌಡ್‌ಫ್ಲೇರ್‌ನ ಉಚಿತ ಪ್ಲ್ಯಾನ್‌ನಲ್ಲೇ 5 ಕಸ್ಟಮ್ ರೂಲ್ (ನಾವೇ ಬರೆಯುವ ತಡೆ ನಿಯಮ) ಹಾಕಬಹುದು. ದೇಶದ ಹೆಸರಿನ ಬದಲು ಈ ಎಎಸ್‌ಎನ್ ಸಂಖ್ಯೆ ಕೊಟ್ಟು ರೂಲ್ ಬರೆಯಿರಿ. ಸಿಂಗಪುರದಲ್ಲಿ ಕನ್ನಡಿಗರಿದ್ದಾರೆ, ಅಮೆರಿಕದಲ್ಲಂತೂ ಕೇಳುವುದೇ ಬೇಡ. ಇಡೀ ದೇಶವನ್ನೇ ಮುಚ್ಚಿದರೆ ದೂರದಲ್ಲಿ ಕೂತು ಊರಿನ ಸುದ್ದಿ ಓದುವವರಿಗೆ ಅನ್ಯಾಯ ಮಾಡಿದಂತೆ.

ರೂಲ್‌ನಲ್ಲಿ ಬ್ಲಾಕ್ ಬದಲು ಮ್ಯಾನೇಜ್ಡ್ ಚಾಲೆಂಜ್ (ಬಂದವರು ಮನುಷ್ಯರೇ ಎಂದು ನೋಡುವ ಪರೀಕ್ಷೆ) ಆರಿಸಿ. ಮನುಷ್ಯರು ಅದನ್ನು ದಾಟಿ ಒಳಗೆ ಬರುತ್ತಾರೆ, ಸಾಮಾನ್ಯ ಬಾಟ್ ಅಲ್ಲೇ ನಿಲ್ಲುತ್ತದೆ. ಗೂಗಲ್, ಬಿಂಗ್‌ನಂತಹ ಪರಿಚಿತ ಬಾಟ್‌ಗಳಿಗೆ ಆ ರೂಲ್‌ನಲ್ಲೇ ವಿನಾಯಿತಿ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹುಡುಕಾಟದಲ್ಲಿ ನಿಮ್ಮ ಸೈಟ್ ಹಿಂದೆ ಬೀಳುತ್ತದೆ. ಬಾಟ್ ಫೈಟ್ ಮೋಡ್ ಎಂಬ ಒಂದೇ ಬಟನ್ ಕೂಡ ಇದೆ. ಆದರೆ ಇಂಥವರನ್ನು ಬಿಡು ಎಂದು ಅದಕ್ಕೆ ಕಸ್ಟಮ್ ರೂಲ್ ಮೂಲಕ ಹೇಳಲು ಬರುವುದಿಲ್ಲ. ಅದಕ್ಕಿಂತ ಕಸ್ಟಮ್ ರೂಲ್ ವಾಸಿ.

ರೂಲ್ ಹಾಕಿ ಒಂದು ವಾರ ಆದಮೇಲೆ ಅದರ ಪಕ್ಕದಲ್ಲಿ ಕಾಣುವ ಸಿಎಸ್‌ಆರ್ ಅಂಕಿ ನೋಡಿ. ಚಾಲೆಂಜ್ ಎದುರಾದವರಲ್ಲಿ ಶೇಕಡ ಎಷ್ಟು ಮಂದಿ ಅದನ್ನು ದಾಟಿದರು ಎಂಬುದು ಅದು. ಸೊನ್ನೆಯ ಹತ್ತಿರ ಇದ್ದರೆ ರೂಲ್ ಸರಿಯಾಗಿದೆ. ಏರುತ್ತಿದ್ದರೆ ನೀವು ಓದುಗರನ್ನೇ ತಡೆದು ನಿಲ್ಲಿಸುತ್ತಿರಬಹುದು. ಅವತ್ತೇ ರೂಲ್ ತೆಗೆದು, ಲಾಗ್ ನೋಡಿ ಮತ್ತೆ ಬರೆಯಿರಿ.