ಊರಿದ ಪಾದ, ಕರಗುವ ದೇಹ: ಚಲನೆಯ ಮಸುಕಿನೊಡನೆ ನನ್ನ ಅನುಭವ

ನೃತ್ಯಾಭ್ಯಾಸದ ಚಿತ್ರಗಳನ್ನು ತೆಗೆಯಲು ಆರಂಭಿಸಿದ ದಿನಗಳಲ್ಲಿ, ಸೆಕೆಂಡಿನ 1/500 ಭಾಗದ ಶಟರ್ ವೇಗದಲ್ಲಿ (ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿ ಅಷ್ಟೇ ಇದ್ದಾಗ) ಬೆರಳುಗಳು, ಬಟ್ಟೆಯ ಮಡಿಕೆಗಳು, ಹಾರಿದ ಕೂದಲು ಎಲ್ಲವೂ ಸ್ಫುಟವಾಗಿ ಮೂಡುತ್ತಿದ್ದವು; ಆದರೆ ನಾನು ಕಣ್ಣಾರೆ ಕಂಡ ಕುಣಿತ ಮಾತ್ರ ಆ ಚಿತ್ರಗಳಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಶಟರ್ ವೇಗವನ್ನು ಇಳಿಸುತ್ತ ಹೋದೆ. 1/60ರಲ್ಲಿ ಬಂದ ಅಲ್ಪ ಮಸುಕು ಕೈ ನಡುಗಿ ಆದ ತಪ್ಪಿನಂತೆ ಕಂಡಿತು. 2 ಸೆಕೆಂಡು ತೆರೆದಿಟ್ಟಾಗ ನರ್ತಕಿಯೇ ಹೊಗೆಯಂತೆ ಕರಗಿಹೋದಳು.

ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು 1/4 ಸೆಕೆಂಡಿಗೆ ಬಂದಾಗ ಒಂದು ಚಿತ್ರ ಸಿಕ್ಕಿತು. ಅವಳು ಒಂದು ಕಾಲನ್ನು ಊರಿ ಮೇಲುದೇಹವನ್ನು ಅರ್ಧವೃತ್ತದಲ್ಲಿ ಬೀಸಿದ್ದಳು. ಊರಿದ ಪಾದದ ಉಗುರುಗಳನ್ನು ಎಣಿಸಬಹುದಿತ್ತು. ಮೊಣಕಾಲಿನಿಂದ ಮೇಲಕ್ಕೆ ಅಂಚುಗಳು ಸಡಿಲಗೊಳ್ಳುತ್ತ, ಚಾಚಿದ ತೋಳು ಕುಂಚದ ಒಂದೇ ಎಳೆತದಂತೆ ಹಿನ್ನೆಲೆಯ ಕತ್ತಲೆಯೊಳಗೆ ಹರಿದುಹೋಗಿತ್ತು. ಕದಲದ ಒಂದು ಬಿಂದುವಿದ್ದರೆ ಮಾತ್ರ ಕಣ್ಣು ಮಸುಕನ್ನು ಚಲನೆಯೆಂದು ಓದುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು. 1990ರ ದಶಕದ ಆರಂಭದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಛಾಯಾಗ್ರಾಹಕ ಅಲೆಕ್ಸಿ ತಿತರೆಂಕೊ ತೆಗೆದ ಜನಸಂದಣಿಯ ಚಿತ್ರವೊಂದರಲ್ಲಿ, ಮೆಟ್ಟಿಲೇರುವ ಜನರೆಲ್ಲ ಮಂಜಾಗಿ ಹೋಗಿದ್ದರೂ ಕಂಬಿಯನ್ನು ಹಿಡಿದ ಕೈಗಳು ಉಳಿದುಕೊಂಡಿರುವುದನ್ನು ನೋಡಿದಾಗಲೆಲ್ಲ ನನಗೆ ಆ ಪಾದ ನೆನಪಾಗುತ್ತದೆ.

ಕ್ಯಾಮೆರಾವನ್ನೇ ಚಲಿಸಿ ಮರಗಳ ಚಿತ್ರ ತೆಗೆಯುವುದು ಇದಕ್ಕಿಂತ ಬೇರೆಯೇ ಆದ ಅಭ್ಯಾಸ. ಹಗಲಿನ ಬೆಳಕಿನಲ್ಲಿ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್‌ಒ 100ಕ್ಕೆ ಇಳಿಸಿದರೂ ಶಟರ್ ಸಾಕಷ್ಟು ನಿಧಾನವಾಗದ ಕಾರಣ 6 ಸ್ಟಾಪಿನ, ಅಂದರೆ ಬೆಳಕನ್ನು ಆರು ಬಾರಿ ಅರ್ಧಕ್ಕಿಳಿಸುವ, ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಮಸೂರದ ಮುಂದೆ ಹಾಕುತ್ತೇನೆ. ಅದು ಬೆಳಕನ್ನು 64 ಪಟ್ಟು ತಗ್ಗಿಸುವುದರಿಂದ 1/60 ಸೆಕೆಂಡಿನ ಚಿತ್ರಕ್ಕೆ ಸುಮಾರು 1 ಸೆಕೆಂಡು ಬೇಕಾಗುತ್ತದೆ. ಕಾಂಡಗಳ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ, ಕ್ಯಾಮೆರಾವನ್ನು ಬಾಗಿಸುತ್ತೇನೆ. ಗುಂಡಿ ಒತ್ತಿದ ಮೇಲೆ ಚಲನೆ ಆರಂಭಿಸಿದರೆ ನಿಂತಿದ್ದ ಆ ಕ್ಷಣವು ಗೆರೆಯ ತುದಿಯಲ್ಲಿ ಗಂಟಿನಂತೆ ಉಳಿದುಬಿಡುತ್ತದೆ. ಆದ್ದರಿಂದ ಕೈ ಮೊದಲೇ ಚಲಿಸುತ್ತಿರಬೇಕು, ಶಟರ್ ಮುಚ್ಚಿದ ಮೇಲೂ ಸ್ವಲ್ಪ ದೂರ ಸಾಗಬೇಕು. ಇಲ್ಲಿ ಕದಲದ ಬಿಂದು ಇಲ್ಲದಿದ್ದರೂ ಕಾಂಡಗಳ ನೇರ ಲಯವೇ ಚಿತ್ರವನ್ನು ಹಿಡಿದಿಡುತ್ತದೆ. ಅಡ್ಡಲಾಗಿ ಎಳೆದಾಗ ಆ ಲಯ ಕಲಸಿಹೋಗುತ್ತದೆ.

ಆದರೂ ನನ್ನ ಮನಸ್ಸು ಮರಳುವುದು ನೃತ್ಯಕ್ಕೇ. ಒಂದೇ ಚಲನೆಯನ್ನು ಐವತ್ತು, ಅರವತ್ತು ಬಾರಿ ತೆಗೆದು ಆರಿಸಲು ಕುಳಿತಾಗ ಮೊದಲು ಪಾದವನ್ನು ನೋಡುತ್ತೇನೆ. ಅದು ಕದಲಿದ್ದರೆ, ಮೇಲಿನ ಬೀಸು ಎಷ್ಟೇ ಚೆಲುವಾಗಿದ್ದರೂ ಆ ಚಿತ್ರವನ್ನು ಬಿಟ್ಟುಬಿಡುತ್ತೇನೆ.