ವಾರ ನೋಡಿ ಮಾಡುವ ಕ್ಷೌರಕ್ಕೆ ಬಾಚಣಿಗೆ ಹಲ್ಲಿನ ರೇಜರ್

ಮೈಸೂರು, ಮಂಡ್ಯ ಕಡೆಯ ಹಳೆಯ ಪದ್ಧತಿಯ ಮನೆಗಳಲ್ಲಿ ಗಂಡಸರು ದಿನವೂ ಗಡ್ಡ ಹೆರೆದುಕೊಳ್ಳುವುದು ಇಂದಿಗೂ ಕಡಿಮೆಯೇ. ಮಂಗಳವಾರ, ಶುಕ್ರವಾರ ಕತ್ತಿ ಮುಟ್ಟುವಂತಿಲ್ಲ, ಕೆಲವರಿಗೆ ಶನಿವಾರವೂ ಆಗದು. ಅಮಾವಾಸ್ಯೆ ಬಂದರೆ, ಮನೆಯಲ್ಲಿ ಹಿರಿಯರ ತಿಥಿ ಇದ್ದರೆ ಮತ್ತೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಶಬರಿಮಲೆಗೆ ಮಾಲೆ ಹಾಕಿದವರಂತೂ 41 ದಿನ ಗಡ್ಡವನ್ನು ಹಾಗೆಯೇ ಬಿಡುತ್ತಾರೆ. ಕಬ್ಬಿನ ಕಟಾವು ನಡೆಯುತ್ತಿರುವಾಗ ನಮ್ಮ ಊರಿನ ರೈತರಿಗೆ ಕನ್ನಡಿ ನೋಡುವ ಪುರುಸೊತ್ತೂ ಇರುವುದಿಲ್ಲ. ಹೀಗಾಗಿ ನಮ್ಮಲ್ಲಿ ಬ್ಲೇಡಿಗೆ ಸಿಗುವುದು ಬಹುಪಾಲು ಮೂರು ನಾಲ್ಕು ದಿನಗಳ ಗಡ್ಡ. ಗಡ್ಡದ ಕೂದಲು ದಿನಕ್ಕೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಬೆಳೆಯುವುದರಿಂದ ನಾಲ್ಕನೆಯ ದಿನಕ್ಕೆ ಅದು ಒಂದೂವರೆ ಮಿಲಿಮೀಟರ್ ಮುಟ್ಟಿರುತ್ತದೆ. ಈ ಉದ್ದದ ಕೂದಲಿಗೆ ಮೂರು ಅಥವಾ ಐದು ಬ್ಲೇಡುಗಳನ್ನು ಒತ್ತೊತ್ತಾಗಿ ಜೋಡಿಸಿದ ರೇಜರುಗಳು ಹೊಂದುವುದಿಲ್ಲ. ಎರಡು ಎಳೆತಕ್ಕೇ ನಡುವೆ ಕೂದಲೂ ನೊರೆಯೂ ಸಿಕ್ಕಿಕೊಂಡು ನಿಂತುಬಿಡುತ್ತವೆ, ಆಗ ನಾವು ಇನ್ನಷ್ಟು ಒತ್ತುತ್ತೇವೆ, ಚರ್ಮ ಉರಿಯುತ್ತದೆ. ಆದ್ದರಿಂದಲೇ ನಾನು ಮಕ್ಕಳಿಗೂ ಮೊಮ್ಮಕ್ಕಳಿಗೂ ಬ್ಲೇಡಿನ ಅಂಚಿನ ಕೆಳಗೆ ಬಾಚಣಿಗೆಯಂಥ ಹಲ್ಲುಗಳಿರುವ, ಒಂದೇ ಬ್ಲೇಡಿನ ಸೇಫ್ಟಿ ರೇಜರನ್ನೇ ಕೊಡಿಸುತ್ತ ಬಂದಿದ್ದೇನೆ. ಅಂಗಡಿಯವರು ಇದನ್ನು ಓಪನ್ ಕೋಂಬ್ ಎನ್ನುತ್ತಾರೆ.

ಇದು ಹೊಸ ವಸ್ತುವೇನೂ ಅಲ್ಲ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅವರು ಎರಡು ಅಂಚಿನ ತೆಳು ಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದಾಗ ಅವರ ರೇಜರಿನ ತಲೆ ಹಲ್ಲು ಹಲ್ಲಾಗಿಯೇ ಇತ್ತು. ಹಲ್ಲಿನ ಬದಲು ನುಣುಪಾದ ಪಟ್ಟಿ ಬಂದದ್ದು ಆಮೇಲೆ. ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ನನ್ನ ತಂದೆಯವರು ಜಗಲಿಯ ಕಿಟಕಿ ಸರಳಿಗೆ ಕನ್ನಡಿ ಸಿಕ್ಕಿಸಿ, ತಂಬಿಗೆಯಲ್ಲಿ ಬಿಸಿನೀರಿಟ್ಟುಕೊಂಡು, ಹಿತ್ತಾಳೆಯ ಇಂಥದೇ ರೇಜರಿನಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅದರ ಮೇಲಿನ ಲೇಪವೆಲ್ಲ ಸವೆದು ಹಿತ್ತಾಳೆ ಕಾಣುತ್ತಿತ್ತು, ಆದರೂ ಅದು ಅವರ ಕೊನೆಗಾಲದವರೆಗೆ ಕೆಲಸ ಮಾಡಿತು.

ಹಲ್ಲುಗಳಿಂದ ಆಗುವ ಉಪಕಾರವನ್ನು ತಿಳಿದುಕೊಂಡರೆ ಮುಂದಿನ ಮಾತುಗಳೆಲ್ಲ ಸುಲಭವಾಗುತ್ತವೆ. ಪಟ್ಟಿಯಿರುವ ರೇಜರ್ ಮುಖದ ಮೇಲೆ ಸಾಗುವಾಗ ಬ್ಲೇಡಿಗಿಂತ ಮುಂಚೆ ಪಟ್ಟಿಯೇ ಹೋಗಿ ನೊರೆಯನ್ನು ಒರೆಸಿ, ಉದ್ದ ಕೂದಲನ್ನು ಚರ್ಮಕ್ಕೆ ಮಲಗಿಸುತ್ತದೆ. ಹಲ್ಲಿನ ರೇಜರಿನಲ್ಲಿ ಕೂದಲು ಹಲ್ಲುಗಳ ಸಂದಿನಲ್ಲಿ ನಿಂತಂತೆಯೇ ಬ್ಲೇಡಿನ ಬಳಿಗೆ ಬರುತ್ತದೆ, ನೊರೆಯೂ ಅದರ ಜೊತೆಯಲ್ಲೇ ಬರುತ್ತದೆ. ಹಲ್ಲು ಕಂಡ ಮಾತ್ರಕ್ಕೆ ಇದು ಮುಖ ಕೊಯ್ಯುವ ರೇಜರ್ ಎಂದು ಹೆದರುವವರಿದ್ದಾರೆ. ರೇಜರ್ ಎಷ್ಟು ಒರಟು ಎಂಬುದನ್ನು ನಿರ್ಧರಿಸುವುದು ಬ್ಲೇಡು ಎಷ್ಟು ಹೊರಚಾಚಿದೆ, ಬ್ಲೇಡಿಗೂ ಕೆಳಗಿನ ತಟ್ಟೆಗೂ ನಡುವೆ ಎಷ್ಟು ಬಿಡುವಿದೆ ಎಂಬ ಎರಡು ಅಳತೆಗಳು. ಬಹಳ ಮೃದುವಾದ ಹಲ್ಲಿನ ರೇಜರುಗಳೂ ಉಂಟು, ಬಹಳ ಒರಟಾದ ಪಟ್ಟಿಯ ರೇಜರುಗಳೂ ಉಂಟು.

ಕೊಳ್ಳುವಾಗ ಹೆಚ್ಚು ದುಡ್ಡು ಹಾಕುವ ಅಗತ್ಯವಿಲ್ಲ. ಕೆಲವು ನೂರು ರೂಪಾಯಿಗಳಿಗೆ ಸಿಗುವ ಮೂರು ತುಂಡಿನದೇ, ಎಂದರೆ ಟೋಪಿ, ಹಲ್ಲಿನ ತಟ್ಟೆ, ಹಿಡಿ ಬೇರೆ ಬೇರೆಯಾಗುವಂಥದೇ ಸಾಕು. ಆದರೆ ಅಗ್ಗದ ರೇಜರುಗಳ ತಲೆಯನ್ನು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಮೇಲೆ ಕ್ರೋಮ್ ಲೇಪಿಸಿರುತ್ತಾರಾದ್ದರಿಂದ ಎರಡು ಪರೀಕ್ಷೆಗಳನ್ನು ಮಾಡಲೇಬೇಕು. ಬ್ಲೇಡು ಹಾಕದೆ, ಚಿಟಿಕೆಯಷ್ಟು ಹತ್ತಿಯನ್ನು ಹಲ್ಲುಗಳ ತುದಿಯ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಎರಕದ ಚೂರು ಉಳಿದಿದೆ, ಅದು ಕೆನ್ನೆಯನ್ನು ಗೀರುತ್ತದೆ, ಅಂಥದನ್ನು ಹಿಂದಿರುಗಿಸಿ. ಆಮೇಲೆ ಬ್ಲೇಡು ಹಾಕಿ ಬೆಳಕಿಗೆ ಹಿಡಿದು, ಎರಡೂ ಕಡೆ ಬ್ಲೇಡಿನ ಅಂಚು ಒಂದೇ ಅಳತೆಯಲ್ಲಿ ಹೊರಗೆ ಕಾಣುತ್ತಿದೆಯೇ ಎಂದು ನೋಡಿ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಬ್ಲೇಡಿನ ಗಿಡ್ಡ ತುದಿಗಳನ್ನು, ಎಂದರೆ ಹರಿತವಿಲ್ಲದ ಕಡೆಗಳನ್ನು, ಟೋಪಿ ಮತ್ತು ತಟ್ಟೆಯೊಂದಿಗೆ ಸೇರಿಸಿ ಒತ್ತಿ ಹಿಡಿದು ಹಿಡಿಯನ್ನು ಪುನಃ ತಿರುಗಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಬೆರಳಿನ ಬಲದಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಸಾಕು. ಬಿಗಿ ಹೆಚ್ಚಾದಷ್ಟೂ ಕ್ಷೌರ ಚೆನ್ನಾಗಿ ಆಗುತ್ತದೆಂದು ನಂಬಿ ನಾನು ಒಮ್ಮೆ ತಿರುಚಿ ತಿರುಚಿ ಬಿಗಿದೆ, ಟೋಪಿಯ ಸ್ಕ್ರೂ ಮೊಳೆ ಮುರಿದು ಹಿಡಿಯೊಳಗೇ ಉಳಿಯಿತು. ಸತುವಿನ ಮಿಶ್ರಲೋಹ ಹೆಚ್ಚು ಬಗ್ಗುವುದಿಲ್ಲ, ಬೇಗ ಮುರಿಯುತ್ತದೆ. ಬಚ್ಚಲಿನ ಕಲ್ಲಿನ ಮೇಲೆ ಬಿದ್ದರೂ ಅದೇ ಗತಿ, ಇಲ್ಲವೇ ಒಂದು ಹಲ್ಲು ಸೊಟ್ಟಗಾಗುತ್ತದೆ.

ಕ್ಷೌರದ ಅರ್ಧ ಕೆಲಸ ನೀರಿನದು. ಒಣಗಿದ ಗಡ್ಡದ ಕೂದಲು ತಂತಿಯ ಹಾಗೆ ಗಡುಸು. ಅದೇ ಕೂದಲು ಎರಡು ಮೂರು ನಿಮಿಷ ಬಿಸಿನೀರು ಕುಡಿದರೆ ಮೆತ್ತಗಾಗಿ ಬ್ಲೇಡಿಗೆ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಸ್ನಾನ ಮುಗಿಸಿಯೇ ಕ್ಷೌರ ಮಾಡಿಕೊಳ್ಳುವುದು ಕೂದಲಿಗೆ ಒಳ್ಳೆಯದು. ನಮ್ಮಲ್ಲಿ ಕ್ಷೌರವಾದ ಮೇಲೆ ಸ್ನಾನ ಮಾಡದೆ ಒಳಗೆ ಬರಬಾರದೆಂಬ ನಿಯಮ ಇರುವುದರಿಂದ ಹಲವರಿಗೆ ಇದು ಒಪ್ಪಿಗೆಯಾಗದು. ಅಂಥವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮೂರು ನಿಮಿಷ ಮುಖಕ್ಕೆ ಒತ್ತಿಕೊಂಡು, ಕ್ಷೌರ ಮುಗಿಸಿ, ನಂತರ ಸ್ನಾನಕ್ಕೆ ಹೋಗಬಹುದು. ನೀರು ಯಾವುದೆಂಬುದೂ ಮುಖ್ಯ. ಮೈಸೂರಿಗೆ ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಬರುವ ಕಾವೇರಿ ನೀರಿನಲ್ಲಿ ನೊರೆ ಚೆನ್ನಾಗಿ ಏಳುತ್ತದೆ. ಕೊಳವೆ ಬಾವಿಯ ಗಡಸು ನೀರಿರುವ ಬಡಾವಣೆಗಳಲ್ಲಿ, ಮಂಡ್ಯ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ನೀರಿನ ಸುಣ್ಣದ ಅಂಶ ಸಾಬೂನಿನೊಂದಿಗೆ ಸೇರಿ ಕೆನೆಗಟ್ಟಿದ ಜಿಡ್ಡಾಗುತ್ತದೆಯೇ ಹೊರತು ನೊರೆಯಾಗುವುದಿಲ್ಲ. ಹಂಡೆಯ ಒಳಗೆ ಕಟ್ಟುವ ಬಿಳಿಯ ಹೊಪ್ಪಳೆಯೂ ಇದೇ ಸುಣ್ಣವೇ. ಅದನ್ನು ನೋಡಿ ನಾನು ಕಲಿತ ಉಪಾಯವೆಂದರೆ, ಒಂದು ಚೊಂಬು ನೀರನ್ನು ಚೆನ್ನಾಗಿ ಮರಳಿಸಿ, ತಣಿಯಲು ಬಿಟ್ಟು, ಬಿಳಿಯ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಟ್ಟುಕೊಂಡು ಬೇಕಾದಾಗ ಬೆಚ್ಚಗೆ ಮಾಡಿಕೊಳ್ಳುವುದು. ಕುದಿಸಿದರೆ ಗಡಸುತನ ಪೂರ್ತಿ ಹೋಗುವುದಿಲ್ಲ, ಆದರೆ ನೊರೆಯಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ಮಳೆನೀರಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ.

ನೊರೆಗೆ ಮೈಗೆ ಹಚ್ಚುವ ಸಾಬೂನನ್ನು ಬಳಸಬೇಡಿ. ಮೈಸೂರಿನವನಾದ ನನಗೆ ನಮ್ಮ ಶ್ರೀಗಂಧದ ಸಾಬೂನಿನ ಮೇಲೆ ಅಭಿಮಾನ ಬಹಳ, ಆದರೂ ಅದರ ಸ್ಥಾನ ಸ್ನಾನದಲ್ಲಿ. ಸ್ನಾನದ ಸಾಬೂನು ಬಹುಪಾಲು ಸೋಡಿಯಂ ಸಾಬೂನಾದ್ದರಿಂದ ಅದರ ನೊರೆ ಮುಖದ ಮೇಲೆ ಬೇಗ ಒಣಗಿ ಇಲ್ಲವಾಗುತ್ತದೆ. ಕ್ಷೌರದ ಕ್ರೀಮಿನಲ್ಲಿ ಪೊಟ್ಯಾಷಿಯಂ ಸಾಬೂನು ಹೆಚ್ಚಿರುವುದರಿಂದ ನೊರೆ ದಟ್ಟವಾಗಿ, ತೇವವಾಗಿ ನಿಲ್ಲುತ್ತದೆ. ಅವರೆಕಾಳಿನಷ್ಟು ಕ್ರೀಮು ಸಾಕು. ನೆನೆಸಿ ಕೊಡವಿದ ಬ್ರಷ್ಷಿನಿಂದ ಕೆನ್ನೆಯ ಮೇಲೆ ಸುತ್ತ ತಿರುಗಿಸುತ್ತ, ನಡುನಡುವೆ ಒಂದೆರಡು ಹನಿ ನೀರು ಸೇರಿಸುತ್ತ, ಒಂದು ನಿಮಿಷವಾದರೂ ಉಜ್ಜಬೇಕು. ಗಟ್ಟಿ ಮೊಸರಿನ ಹದಕ್ಕೆ ಬಂದರೆ ಸರಿ. ಗುಳ್ಳೆ ಗುಳ್ಳೆಯಾಗಿ ಕಂಡರೆ ನೀರು ಹೆಚ್ಚಾಗಿದೆ, ಬ್ರಷ್ಷು ಎಳೆಯುವಾಗ ತಡೆದರೆ ನೀರು ಸಾಲದಾಗಿದೆ. ಕ್ಷೌರಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ಎಣ್ಣೆ ಸ್ವಲ್ಪ ಹೆಚ್ಚಾದರೂ ನೊರೆ ಕಟ್ಟುವುದಿಲ್ಲವಾದ್ದರಿಂದ ಅದನ್ನು ಕ್ಷೌರವಾದ ಮೇಲೆ ಇಟ್ಟುಕೊಳ್ಳುವುದು ಮೇಲು.

ಈಗ ಕೈಯ ಮಾತು. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ, ಏಕೆಂದರೆ ಈ ರೇಜರ್ ಕೊಂಡು ಮೊದಲ ದಿನವೇ ಮುಖ ಕೊಯ್ದುಕೊಂಡು ಅಟ್ಟಕ್ಕೆ ಎಸೆದವರನ್ನು ಬಹಳ ಜನರನ್ನು ಕಂಡಿದ್ದೇನೆ. ರೇಜರನ್ನು ಒತ್ತಬಾರದು. ಹಿಡಿಯ ತುದಿಯನ್ನು ಮೂರು ಬೆರಳುಗಳಿಂದ, ನವಿಲುಗರಿ ಹಿಡಿದಷ್ಟು ಹಗುರವಾಗಿ ಹಿಡಿದರೆ ಅದರ ತೂಕವೇ ಬ್ಲೇಡನ್ನು ನಡೆಸುತ್ತದೆ. ಮೊದಲು ಟೋಪಿಯನ್ನು ಕೆನ್ನೆಗೆ ತಾಗಿಸಿ, ಹಿಡಿ ಕೆನ್ನೆಯಿಂದ ನೇರ ಹೊರಚಾಚಿರುವಂತೆ ಇಟ್ಟುಕೊಳ್ಳಿ; ಆ ಸ್ಥಿತಿಯಲ್ಲಿ ಬ್ಲೇಡು ಚರ್ಮವನ್ನು ಮುಟ್ಟುವುದಿಲ್ಲ. ಅಲ್ಲಿಂದ ಹಿಡಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಸುತ್ತ ರೇಜರನ್ನು ಸರಿಸುತ್ತ ಬಂದರೆ ಒಂದು ಹಂತದಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಶುರುವಾಗುತ್ತದೆ. ಆ ಸದ್ದು ಕೇಳಿಸಿದ ಜಾಗವೇ ಸರಿಯಾದ ಕೋನ, ಬ್ಲೇಡು ಅಲ್ಲಿ ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಆಡಿಸಿದರೆ ಆ ಕೋನ ತಪ್ಪುವುದಿಲ್ಲ. ಒಂದು ಎಳೆತ ಒಂದು ಅಂಗುಲ ಮೀರಬಾರದು, ಇನ್ನೊಂದು ಕೈ ಯಾವಾಗಲೂ ಚರ್ಮವನ್ನು ಎಳೆದು ಬಿಗಿಯಾಗಿ ಹಿಡಿದಿರಬೇಕು, ಎರಡು ಮೂರು ಎಳೆತಕ್ಕೊಮ್ಮೆ ತಲೆಯನ್ನು ನೀರಿನಲ್ಲಿ ಅಲುಗಿಸಬೇಕು. ಬಲಗೈಯಿಂದ ಎಡಗೆನ್ನೆ ಹೆರೆಯುವಾಗ ಕೈ ಅಡ್ಡ ಬಂದು ಕೋನ ಕೆಡುತ್ತದೆ. ಅಲ್ಲಿ ಅವಸರ ಬೇಡ. ರೇಡಿಯೋ ಸದ್ದನ್ನು ಸ್ವಲ್ಪ ತಗ್ಗಿಸಿ, ಏಕೆಂದರೆ ಕಿವಿಯೂ ಇಲ್ಲಿ ಕೆಲಸ ಮಾಡಬೇಕು.

ಮೊದಲ ಸುತ್ತು ಕೂದಲು ಮಲಗಿದ ಕಡೆಗೇ ಹೋಗಬೇಕು. ಯಾವ ಕಡೆಗೆ ಮಲಗಿದೆ ಎಂದು ತಿಳಿಯದಿದ್ದರೆ ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ನೋಡಿ. ನುಣ್ಣಗೆ ಹೋಗುವ ಕಡೆ ಅದರ ಜಾಡು, ತರಿತರಿಯಾಗುವ ಕಡೆ ಎದುರು. ಕೆನ್ನೆಯಲ್ಲಿ ಬಹುತೇಕ ಎಲ್ಲರಿಗೂ ಮೇಲಿನಿಂದ ಕೆಳಕ್ಕೆ, ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತರಹ. ನನ್ನ ಮೊಮ್ಮಗನ ಕುತ್ತಿಗೆಯ ಕೂದಲು ಅಡ್ಡಲಾಗಿ ಬೆಳೆಯುತ್ತದೆ. ಅದನ್ನು ತಿಳಿಯದೆ ಅವನು ಕಾಲೇಜು ಸೇರಿದ ವರ್ಷವೆಲ್ಲ ಹಲವು ಬ್ಲೇಡಿನ ರೇಜರನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆದು, ಕುತ್ತಿಗೆಯ ತುಂಬ ಕೆಂಪು ಗುಳ್ಳೆಗಳನ್ನು ತಂದುಕೊಂಡಿದ್ದ. ಚರ್ಮದ ಮಟ್ಟಕ್ಕಿಂತ ಒಳಗೆ ಕತ್ತರಿಸಿದ ಗುಂಗುರು ಕೂದಲು ಮತ್ತೆ ಬೆಳೆಯುವಾಗ ಹೊರಗೆ ಬರದೆ ಒಳಕ್ಕೇ ತಿರುಗುವುದರಿಂದ ಆಗುವ ಗುಳ್ಳೆಗಳು ಅವು. ಎರಡು ವಾರ ಗಡ್ಡ ಬಿಡಿಸಿ, ಆಮೇಲೆ ಹಲ್ಲಿನ ರೇಜರಿನಲ್ಲಿ ಜಾಡಿನ ಕಡೆಗೆ ಒಂದೇ ಸುತ್ತು ಹೆರೆಯುವುದನ್ನು ಹೇಳಿಕೊಟ್ಟೆ. ಕುತ್ತಿಗೆ ತಿಳಿಯಾಗಲು ಎರಡು ತಿಂಗಳು ಹಿಡಿಯಿತು, ಆಗ ನನಗಾದ ನೆಮ್ಮದಿ ದೊಡ್ಡದು. ಇನ್ನೂ ನುಣುಪು ಬೇಕೆನ್ನುವವರು ಪುನಃ ನೊರೆ ಹಚ್ಚಿ ಎರಡನೆಯ ಸುತ್ತನ್ನು ಅಡ್ಡಲಾಗಿ ಹೋಗಬಹುದು. ಗಂಟಲಮಣಿಯ ಮೇಲೆ ಹೆರೆಯುವಾಗ ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಎಳೆದುಕೊಂಡರೆ ಸಮತಟ್ಟಾದ ಜಾಗ ಸಿಗುತ್ತದೆ. ಮೀಸೆಯ ಕೆಳಗೆ, ಗಲ್ಲದ ತುದಿಯಲ್ಲಿ ಅರ್ಧ ಅಂಗುಲದ ಎಳೆತಗಳೇ ಸಾಕು.

ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆಯಿರುವಾಗಲೇ ಪಟಿಕದ ಕಲ್ಲನ್ನು ಒಮ್ಮೆ ಆಡಿಸಿ, ಒಂದು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಗ್ರಂಧಿಗೆ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಒಂದು ತುಂಡು ತಿಂಗಳುಗಟ್ಟಲೆ ಬರುತ್ತದೆ. ಅದು ಚರ್ಮವನ್ನು ಬಿಗಿಗೊಳಿಸಿ ಸಣ್ಣ ಗೀರಿನ ರಕ್ತವನ್ನು ನಿಲ್ಲಿಸುತ್ತದೆ, ಜೊತೆಗೆ ನೀವು ಎಲ್ಲಿ ಒತ್ತಿದ್ದೀರೆಂಬುದನ್ನೂ ತೋರಿಸುತ್ತದೆ: ಉರಿದ ಜಾಗದಲ್ಲಿ ಮುಂದಿನ ಸಲ ಕೈ ಹಗುರವಾಗಬೇಕು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಲು ಮಾತ್ರೆ ನುಂಗುವವರು ಈ ರೇಜರ್ ಹಿಡಿಯುವ ಮೊದಲು ತಮ್ಮ ವೈದ್ಯರನ್ನು ಒಂದು ಮಾತು ಕೇಳಲಿ.

ಬ್ಲೇಡಿನಲ್ಲಿ ಜಿಪುಣತನ ಬೇಡ. ಮೂರು ನಾಲ್ಕು ದಿನದ ಗಡ್ಡ ತೆಗೆಯುವವರಿಗೆ ಒಂದು ಬ್ಲೇಡು ನಾಲ್ಕೈದು ಕ್ಷೌರಕ್ಕೆ ಬರುತ್ತದೆ. ಎಳೆಯುತ್ತಿದೆ ಎನಿಸಿದ ದಿನವೇ ಅದನ್ನು ಬದಲಾಯಿಸಬೇಕು. ಬೇರೆ ಬೇರೆ ಕಂಪನಿಯ ಬ್ಲೇಡುಗಳು ಒಬ್ಬೊಬ್ಬರ ಮುಖಕ್ಕೆ ಬೇರೆ ಬೇರೆಯಾಗಿ ಒಗ್ಗುತ್ತವಾದ್ದರಿಂದ ಮೊದಲು ನಾಲ್ಕಾರು ಜಾತಿಯ ಒಂದೊಂದು ಸಣ್ಣ ಪೊಟ್ಟಣ ತಂದು ನೋಡುವುದು ಒಳ್ಳೆಯದು. ಅಪ್ಪ ಮಗನೇ ಆದರೂ ಒಂದು ಬ್ಲೇಡನ್ನು ಇಬ್ಬರು ಬಳಸಲೇಬಾರದು, ಹೆಪಟೈಟಿಸ್ ಬಿ, ಸಿ, ಎಚ್‌ಐವಿಯಂಥ ಸೋಂಕುಗಳು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ದಾಟಬಲ್ಲವು. ಬ್ಲೇಡಿನ ಅಂಚನ್ನು ಟವೆಲಿನಿಂದ ಒರೆಸಬೇಡಿ. ಅದರ ಮೇಲೆ ಅಂಟದ ಬಾಣಲೆಗೆ ಹಚ್ಚುವ ಜಾತಿಯದೇ ಬಹಳ ತೆಳುವಾದ ಲೇಪವಿರುತ್ತದೆ, ಒರೆಸಿದರೆ ಅದೂ ಹೋಗುತ್ತದೆ, ಬೆರಳೂ ಕೊಯ್ಯುತ್ತದೆ. ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಟ್ಟರೆ ತಾನೇ ಒಣಗುತ್ತದೆ.

ರೇಜರನ್ನು ವಾರಕ್ಕೊಮ್ಮೆ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಪಾತ್ರೆಯ ದ್ರವ ಸಾಬೂನು ಹಾಕಿ ಹಲ್ಲುಗಳ ಸಂದಿಯನ್ನು ತಿಕ್ಕಿ. ಮನೆಯ ಹೆಂಗಸರು ಹಿತ್ತಾಳೆ ಚೊಂಬಿನ ಜೊತೆ ಅದನ್ನೂ ಹುಣಸೆಹಣ್ಣಿನಲ್ಲಿ ಬೆಳಗಿಬಿಡುವುದುಂಟು; ಅಪ್ಪಟ ಹಿತ್ತಾಳೆಯದಾದರೆ ಚಿಂತೆಯಿಲ್ಲ, ಸತುವಿನ ಮಿಶ್ರಲೋಹದ್ದಾದರೆ ಹುಳಿ ಲೇಪದ ಬಿರುಕಿನೊಳಗೆ ಇಳಿದು ಲೋಹವನ್ನೇ ತಿನ್ನುತ್ತದೆ. ಹಳೆಯ ಬ್ಲೇಡುಗಳಿಗೆ ಖಾಲಿ ಕಾಫಿಪುಡಿ ಡಬ್ಬದ ಮುಚ್ಚಳದಲ್ಲಿ ಒಂದು ಸೀಳು ಮಾಡಿ, ಮುಚ್ಚಳವನ್ನು ಅಂಟಿಸಿ, ಅದರೊಳಗೆ ಹಾಕುತ್ತ ಬನ್ನಿ. ನಮ್ಮ ಮನೆಯ ಡಬ್ಬ ತುಂಬಲು ವರ್ಷಗಳೇ ಬೇಕಾಗುತ್ತವೆ. ತುಂಬಿದ ದಿನ ಸೀಳನ್ನು ಮುಚ್ಚಿ, ಮೇಲೆ ‘ಬ್ಲೇಡು’ ಎಂದು ದೊಡ್ಡದಾಗಿ ಬರೆದು, ಕಸ ಒಯ್ಯಲು ಬರುವವರ ಕೈಗೇ ಕೊಟ್ಟು, ಒಳಗೇನಿದೆ ಎಂದು ಹೇಳಿ. ಬೆಳಗಿನ ಹೊತ್ತು ನಮ್ಮ ಕಸವನ್ನು ಬರಿಗೈಯಲ್ಲಿ ಬೇರೆ ಮಾಡುವ ಪೌರಕಾರ್ಮಿಕರ ಬೆರಳಿಗೆ ನಮ್ಮ ಮನೆಯ ಬ್ಲೇಡು ತಾಗಬಾರದು.